ರ್ಯಾಮ್ ಬರುವ ಮುಂಚೆ ಆದ ಪೂಜೆ

ತೈವಾನಿನಲ್ಲಿ ಭೂಕಂಪ ಆದ ಸುದ್ದಿಯನ್ನು ನಾನು ಓದಿದ್ದು ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ, ಮೆಣಸಿನಕಾಯಿ ಬಜ್ಜಿ ಕಟ್ಟಿಕೊಟ್ಟ ಹಳೇ ಪೇಪರಿನ ತುಂಡಿನಲ್ಲಿ. ಅಯ್ಯೋ ಪಾಪ ಅಂದುಕೊಂಡೆ, ಅದೇ ಕಾಗದಕ್ಕೆ ಎಣ್ಣೆ ಕೈ ಒರೆಸಿ ಎಸೆದೆ, ಕೊಟ್ಟೂರಿನ ಬಸ್ಸು ಹತ್ತಿದೆ. ಆ ದೇಶಕ್ಕೂ ನನ್ನ ತಿರುಗಾಟಕ್ಕೂ ಏನಾದರೂ ಸಂಬಂಧ ಇದ್ದೀತು ಎಂದು ಹೊಳೆಯಲೇ ಇಲ್ಲ.

ಎರಡು ಸಾವಿರದ ಇಸವಿ ಬರಲು ಇನ್ನೂ ಮೂರು ತಿಂಗಳಿತ್ತು. ನಾನು ದಾವಣಗೆರೆಯ ಒಂದು ಕಂಪ್ಯೂಟರ್ ಅಂಗಡಿಗೆ ದುಡಿಯುತ್ತಿದ್ದೆ. ಬೆಂಗಳೂರಿನಿಂದ ಬಿಡಿಭಾಗ ತರಿಸಿ ಜೋಡಿಸಿ ಮಾರುವ ಅಂಗಡಿ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಈ ಐದು ಊರು ನನ್ನ ಪಾಲಿಗೆ ಬಂದಿದ್ದವು. ಆರ್ಡರ್ ಹಿಡಿಯುವವನೂ ನಾನೇ, ಮಷೀನು ಹೊತ್ತುಕೊಂಡು ಹೋಗುವವನೂ ನಾನೇ, ಕೆಟ್ಟರೆ ಬೈಸಿಕೊಳ್ಳುವವನೂ ನಾನೇ. ಕಾರ್ಡಿನ ಮೇಲೆ ಮಾತ್ರ ಇಂಜಿನಿಯರ್ ಎಂದು ಅಚ್ಚು ಹಾಕಿಸಿದ್ದರು.

ಆ ಐದು ಊರಿನಲ್ಲಿ ನಾನು ಮಾರುತ್ತಿದ್ದದ್ದೆಲ್ಲ ಸಾಧಾರಣ ಮಷೀನುಗಳು. ಬಿಲ್ಲು ಬರೆಯಲಿಕ್ಕೆ, ಅರ್ಜಿ ಟೈಪ್ ಮಾಡಲಿಕ್ಕೆ ಸಾಕಾಗುವಂಥವು. ಕೊಟ್ಟೂರಿನ ಒಬ್ಬ ಸ್ಟುಡಿಯೋ ಮಾಲೀಕರು ಕೊಟ್ಟ ಆರ್ಡರ್ ಮಾತ್ರ ಬೇರೆ. ಊರಿನವರೆಲ್ಲ ಅವರನ್ನು ಸ್ಟುಡಿಯೋ ಅಣ್ಣ ಎಂದೇ ಕರೆಯುತ್ತಿದ್ದರು. ಮದುವೆ ವಿಡಿಯೋ ತೆಗೆಯುವುದರಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಅವರದೇ ಹೆಸರು. ತೆಗೆದ ಕ್ಯಾಸೆಟ್ಟುಗಳನ್ನು ಜೋಡಿಸಿ, ಹಾಡು ಹಾಕಿ, ಹೃದಯದ ಆಕಾರದೊಳಗೆ ವಧೂವರರನ್ನು ಕೂಡಿಸಿ ಕೊಡುವುದಕ್ಕೆ ನಮ್ಮ ಕಡೆ ಮಿಕ್ಸಿಂಗ್ ಅನ್ನುತ್ತಾರೆ. ಅದಕ್ಕೆ ಅವರ ಬಳಿ ಎರಡು ವಿಸಿಆರ್, ಒಂದು ಮಿಕ್ಸರ್ ಇದ್ದವು. ಈಗ ಅದೆಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆಂದು ಹುಬ್ಬಳ್ಳಿಯಲ್ಲಿ ನೋಡಿ ಬಂದಿದ್ದರು. ದೊಡ್ಡ ಪ್ರೊಸೆಸರ್, ಎರಡು ಹಾರ್ಡ್ ಡಿಸ್ಕ್, ವಿಡಿಯೋ ಒಳಗೆ ಎಳೆದುಕೊಳ್ಳುವ ಕಾರ್ಡು, ಕೆಲಸ ನಡೆಯುವಾಗ ಚಿತ್ರಗಳನ್ನು ಹಿಡಿದಿಟ್ಟುಕೊಳ್ಳಲು ನೂರಾ ಇಪ್ಪತ್ತೆಂಟು ಎಂಬಿಯ ಎರಡು ರ್ಯಾಮ್ ಪಟ್ಟಿ. ಬೇರೆಯವರಿಗೆ ನಾನು ಮೂವತ್ತೆರಡು ಎಂಬಿ ಹಾಕಿಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ ಕಾಲ ಅದು. ಅಂಥ ಮಷೀನಿನ ಬಿಡಿಭಾಗಗಳ ಯಾದಿಯನ್ನು ನಾನು ಅದಕ್ಕೂ ಮೊದಲು ಬರೆದಿರಲಿಲ್ಲ, ಬರೆಯುವಾಗ ಅಕ್ಷರವನ್ನೂ ದುಂಡಗೆ ಬರೆದೆ.

"ಆಯುಧ ಪೂಜಿಗೆ ಮಷೀನು ನನ್ನ ಸ್ಟುಡಿಯೋದಾಗ ಇರಬೇಕು ನೋಡ್ರಿ," ಅಂದರು ಸ್ಟುಡಿಯೋ ಅಣ್ಣ. "ಅವತ್ತು ಪೂಜಿ ಆಗದ ಸಾಮಾನಿಗೆ ನಾನು ಕೈ ಹಚ್ಚಂಗಿಲ್ಲ. ಅದು ತಪ್ಪಿದ್ರ ಮತ್ತ ಬರೋ ವರ್ಷನ."

"ಆಯುಧ ಪೂಜಿಗೆ ಇನ್ನೂ ಮೂರು ವಾರ ಐತಲ್ಲಣ್ಣಾರೇ. ಅದಕ್ಕೂ ಮೊದಲ ತಂದಿಡ್ತೀನಿ," ಅಂದೆ. ಆಗ ಅದು ಸುಳ್ಳಾಗಿರಲಿಲ್ಲ.

ಆ ಮಷೀನನ್ನು ನಡೆಸಲು ಅವರು ಒಬ್ಬ ಹೆಣ್ಣುಮಗಳನ್ನು ಗೊತ್ತು ಮಾಡಿದ್ದರು. ಕೊಟ್ಟೂರಿನವಳೇ, ಮೂವತ್ತರ ಒಳಗಿನವಳು. ಗಂಡ ಬಿಟ್ಟು ಹೋದ ಮೇಲೆ ದಾವಣಗೆರೆಯ ಒಂದು ವಿಡಿಯೋ ಲ್ಯಾಬಿಗೆ ಕಸ ಗುಡಿಸಲು ಸೇರಿದಳಂತೆ. ನೋಡಿ ನೋಡಿ ಕೆಲಸ ಕಲಿತು ನಾಲ್ಕು ವರ್ಷದಲ್ಲಿ ಅಲ್ಲಿನ ಕಂಪ್ಯೂಟರ್ ಮುಂದೆ ಕೂತಿದ್ದಳು. ಕೊಟ್ಟೂರಿನವರು ಮಿಕ್ಸಿಂಗ್ ಅಕ್ಕ ಅನ್ನುತ್ತಿದ್ದರು, ನಾನೂ ಅದೇ ಹೆಸರು ಹಿಡಿದೆ. ಅವಳಿಗೆ ಒಂದನೇ ಇಯತ್ತೆಗೆ ಹೋಗುವ ಮಗಳಿದ್ದಳು. ಮಗು ಕೊಟ್ಟೂರಿನಲ್ಲಿ ಶೇಂಗಾ ಮಿಲ್ಲಿಗೆ ಹೋಗುವ ದೊಡ್ಡಮ್ಮನ ಮನೆಯಲ್ಲಿ, ತಾಯಿ ದಾವಣಗೆರೆಯಲ್ಲಿ ನಾಲ್ಕು ಜನ ಹಂಚಿಕೊಂಡ ಒಂದು ಕೋಣೆಯಲ್ಲಿ. ಹದಿನೈದು ದಿನಕ್ಕೊಮ್ಮೆ ಭಾನುವಾರ ಬಂದು ತಲೆ ಎರೆದು ಹೋಗುವಷ್ಟೇ ಅವರ ಸಂಸಾರ. ಕೊಟ್ಟೂರಿನಲ್ಲೇ ಇಂಥ ಮಷೀನು ಬಂದರೆ ತಾಯಿ ಮಗಳು ಒಂದೇ ಮನೆಯಲ್ಲಿ ಇರಬಹುದಿತ್ತು. ಹೀಗೆ ನನ್ನ ಆರ್ಡರ್ ಪುಸ್ತಕದ ಒಂದು ಹಾಳೆಯ ಮೇಲೆ ಆ ಇಬ್ಬರೂ ಕೂತಿದ್ದರು, ನನಗೆ ಅದು ಗೊತ್ತಾದದ್ದು ಸ್ವಲ್ಪ ತಡವಾಗಿ.

ಭೂಕಂಪದ ಬಿಸಿ ನಮಗೆ ತಟ್ಟಿದ್ದು ಎಂಟು ಹತ್ತು ದಿನದ ಮೇಲೆ. ರ್ಯಾಮಿನೊಳಗೆ ಕೂರುವ ಚಿಪ್ಪುಗಳು ಆ ದೇಶದ ಕಾರ್ಖಾನೆಗಳಿಂದಲೂ ಬರುತ್ತಿದ್ದವು. ಅಲ್ಲಿ ಕರೆಂಟ್ ಹೋಗಿ ಕೆಲಸ ನಿಂತಿದ್ದು ಕೆಲವೇ ದಿನ ಇರಬಹುದು. ಆದರೆ ಸುದ್ದಿ ಕೇಳಿದ ಕೂಡಲೇ ಇದ್ದ ಮಾಲನ್ನೆಲ್ಲ ಬೆಂಗಳೂರಿನ ದೊಡ್ಡ ವ್ಯಾಪಾರಿಗಳು ಒಳಗೆ ಸರಿಸಿಬಿಟ್ಟರು. ಮೊದಲು ಬೆಲೆ ಏರಿತು, ಆಮೇಲೆ ಬೆಲೆ ಕೊಡುತ್ತೇನೆಂದರೂ ಮಾಲಿಲ್ಲ ಎಂದಾಯಿತು. ಅದರಲ್ಲೂ ನೂರಾ ಇಪ್ಪತ್ತೆಂಟರ ಪಟ್ಟಿ ಕೇಳಿದರೆ ಫೋನಿನಲ್ಲೇ ನಗುತ್ತಿದ್ದರು. ಕ್ಯಾಬಿನೆಟ್, ಮದರ್‌ಬೋರ್ಡ್, ಡಿಸ್ಕು, ಕಾರ್ಡು, ದೊಡ್ಡ ಮಾನಿಟರ್ ಎಲ್ಲ ಬಂದು ಅಂಗಡಿಯ ಮೂಲೆಯಲ್ಲಿ ಕೂತವು. ಹೆಬ್ಬೆರಳಗಲದ ಎರಡು ಪಟ್ಟಿ ಬರಲಿಲ್ಲ.

ಪೂಜೆಯ ಹಿಂದಿನ ದಿನ ನಮ್ಮ ಅಂಗಡಿಯ ಯಜಮಾನರು ನನ್ನನ್ನು ಕರೆದರು. "ಕ್ಯಾಬಿನೆಟ್ ಮಾನಿಟರ್ ತಗಂಡು ಹೋಗಿ ಇಟ್ಟು ಬಾರಪ್ಪ. ಪೂಜೆ ಆಗ್ಲಿ. ಒಳಗೆ ಏನೈತೆ ಏನಿಲ್ಲ ಅಂತ ಯಾರು ನೋಡ್ತಾರೆ? ರ್ಯಾಮ್ ಎರಡು ದಿನದಾಗ ಬರುತ್ತೆ, ಹೋಗಿ ಸಿಗಿಸಿ ಬರೋದು."

ನನಗೂ ಅದು ಜಾಣತನ ಅನ್ನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಮರುದಿನ ಬೆಳಿಗ್ಗೆ ಕ್ಯಾಬಿನೆಟ್ಟನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನ ಡ್ರೈವರನ್ನು ಕಾಡಿ ಬೇಡಿ ಇಂಜಿನ್ನಿನ ಪಕ್ಕ ಇಟ್ಟು, ಮಾನಿಟರನ್ನು ತೊಡೆಯ ಮೇಲೆ ಹೊತ್ತುಕೊಂಡು ಹೋದೆ. ಇಳಿಯುವಾಗ ಎರಡೂ ಕಾಲು ಜೋಮು ಹಿಡಿದಿದ್ದವು.

ಸ್ಟುಡಿಯೋದಲ್ಲಿ ಚೆಂಡುಹೂವಿನ ರಾಶಿ. ಕ್ಯಾಮೆರಾ, ಟ್ರೈಪಾಡ್, ಹ್ಯಾಲೋಜನ್ ದೀಪಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ನಡುವೆ ಹೊಸ ಮೇಜಿನ ಮೇಲೆ ಮಷೀನಿಗೆ ಜಾಗ. ಸ್ಟುಡಿಯೋ ಅಣ್ಣನ ಹೆಂಡತಿ ಮಾನಿಟರಿನ ಗಾಜಿಗೇ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು. ಕುಂಬಳಕಾಯಿ ಒಡೆದದ್ದಾಯಿತು, ಕಾಯಿ ಒಡೆದದ್ದಾಯಿತು. ಓಣಿಯ ಜನ ಬಾಗಿಲ ತುಂಬ ನಿಂತಿದ್ದರು.

"ಇಂಜಿನಿಯರ್ರೇ, ಒಂದೀಟು ಚಾಲೂ ಮಾಡಿ ತೋರಿಸ್ರಿ ಮತ್ತ," ಅಂದರು ಸ್ಟುಡಿಯೋ ಅಣ್ಣ.

ರ್ಯಾಮ್ ಇಲ್ಲದ ಮಷೀನನ್ನು ಚಾಲೂ ಮಾಡಿದರೆ ಪರದೆ ಕಪ್ಪಗೇ ಇರುತ್ತದೆ. ಫ್ಯಾನ್ ತಿರುಗುತ್ತದೆ, ಹಸಿರು ದೀಪ ಹತ್ತುತ್ತದೆ, ಒಳಗಿಂದ ಉದ್ದುದ್ದ ಕೂಗು ಬರುತ್ತದೆ. ನನ್ನಲ್ಲಿ ರ್ಯಾಮ್ ಇಲ್ಲ ಎಂದು ಅದು ಹೇಳುವ ರೀತಿ ಅದು. ಗುಂಡಿ ಒತ್ತಿದೆ. ಮಷೀನು ಕೂಗಿತು, ಮತ್ತೆ ಕೂಗಿತು. ಬಾಗಿಲಲ್ಲಿ ನಿಂತಿದ್ದ ಒಬ್ಬ ಹಿರಿಯರು ಕೈ ಮುಗಿದರು. "ಮಾತಾಡ್ತೈತಿ ನೋಡು," ಅಂದಿತು ಒಂದು ಹೆಣ್ಣು ದನಿ. ಇಷ್ಟು ಸಾಕು, ಹೂವಿನ ನೀರು ಒಳಗೆ ಹೋದೀತು ಎಂದು ನಾನು ಬೇಗ ಆರಿಸಿದೆ.

ಆ ಕೂಗಿನ ಅರ್ಥ ಒಬ್ಬಳಿಗೆ ಮಾತ್ರ ಗೊತ್ತಾಗಿತ್ತು. ಮಿಕ್ಸಿಂಗ್ ಅಕ್ಕ ಹಬ್ಬಕ್ಕೆ ರಜೆ ಹಾಕಿ ಬಂದಿದ್ದಳು, ಮಗಳ ಕೈ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಹೊರಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಸರ, ರ್ಯಾಮ್ ಹಾಕಿಲ್ಲಲ್ರಿ ಇದಕ್ಕ?"

"ಇಲ್ರಿ ಅಕ್ಕಾರೇ. ಎರಡು ದಿನದಾಗ ಬರ್ತೈತಿ."

"ಖರೇನ್ರಿ? ನಾನು ಅಲ್ಲಿ ಕೆಲಸ ಬಿಡಬೇಕಾಗೈತಿ, ಅದಕ್ಕ ಕೇಳಾಕತ್ತೀನಿ."

"ಬಿಡ್ರಿ, ಏನೂ ಚಿಂತಿ ಇಲ್ಲ," ಅಂದೆ. ಬಸ್ಸಿಗೆ ಹೊತ್ತಾಗುತ್ತಿತ್ತು.

ಖಾಲಿ ಡಬ್ಬಿಗೆ ಪೂಜೆ ಮಾಡಿಸಿದ್ದು ಎಂಥ ತಪ್ಪು ಎಂದು ಮರುದಿನವೇ ತಿಳಿಯತೊಡಗಿತು. ನಮ್ಮ ಕಡೆ ಪೂಜೆ ಆಯಿತು ಎಂದರೆ ಸಾಮಾನು ಬಂತು ಎಂದೇ ಲೆಕ್ಕ, ಒಳಗೆ ಏನು ಕಡಿಮೆ ಇದೆ ಎಂದು ಯಾರೂ ಕೇಳುವುದಿಲ್ಲ. ಬನ್ನಿ ಕೊಡಲು ಮನೆ ಮನೆಗೆ ಹೋದ ಸ್ಟುಡಿಯೋ ಅಣ್ಣ ಬನ್ನಿಯ ಜೊತೆಗೆ ಸುದ್ದಿಯನ್ನೂ ಹಂಚಿ ಬಂದರು. ಹಳೇ ಮಿಕ್ಸರು, ವಿಸಿಆರುಗಳನ್ನು ಆ ಒಳ್ಳೆಯ ದಿನವೇ ಹಗರಿಬೊಮ್ಮನಹಳ್ಳಿಯ ಒಬ್ಬರಿಗೆ ಮಾರಿದರು. ಹಲವಾಗಲು, ನೀಲಗುಂದ, ಚಿಗಟೇರಿಯ ಮದುವೆಯವರು ಕಂಪ್ಯೂಟರ್ ಮಿಕ್ಸಿಂಗೇ ಬೇಕೆಂದು ಕ್ಯಾಸೆಟ್ಟು ತಡೆಹಿಡಿಸಿದರು. ಮಿಕ್ಸಿಂಗ್ ಅಕ್ಕ ದಾವಣಗೆರೆಗೆ ಹೋಗಿ ಕೆಲಸ ಬಿಟ್ಟು, ಟ್ರಂಕು ಹೊತ್ತುಕೊಂಡು ಬಂದಳು.

ಎರಡು ದಿನ ಎರಡು ವಾರವಾಯಿತು. ದಿನಾ ಬೆಳಿಗ್ಗೆ ಯಾವ ಊರಿನಲ್ಲಿದ್ದರೆ ಆ ಊರಿನ ಎಸ್‌ಟಿಡಿ ಬೂತಿನಿಂದ ಯಜಮಾನರಿಗೆ ಫೋನು. ಅವರು ಹೇಳಿದ ದಿನವನ್ನು ನಾನು ಕೊಟ್ಟೂರಿಗೆ ಹೇಳುವುದು. ಬರುವ ಸೋಮವಾರ, ಬರುವ ಗುರುವಾರ, ಮತ್ತೆ ಬರುವ ಸೋಮವಾರ. ಕೂಡ್ಲಿಗಿಯಲ್ಲಿ ಪ್ರಿಂಟರ್ ರಿಪೇರಿ ಮಾಡುವಾಗಲೂ, ಹಡಗಲಿಯಲ್ಲಿ ಹೊಸ ಆರ್ಡರಿಗೆ ಮಾತಾಡುವಾಗಲೂ ತಲೆಯಲ್ಲಿ ಕೊಟ್ಟೂರಿನ ಆ ಮೇಜು ಇರುತ್ತಿತ್ತು. ಆ ಬಸ್ಸುಗಳ ಸೀಟು ಇವತ್ತಿಗೂ ಬೆನ್ನಿಗೆ ನೆನಪಿದೆ. ದಣಿವಾಗುತ್ತಿದ್ದದ್ದು ತಿರುಗಾಟಕ್ಕಲ್ಲ, ಒಂದೇ ಮಾತನ್ನು ಹೊಸದೆಂಬಂತೆ ಹೇಳುವುದಕ್ಕೆ.

ಮುಖ ತೋರಿಸಲಾಗದೆ ಒಂದು ಉಪಾಯ ಮಾಡಿದೆ. ನಮ್ಮ ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಮಷೀನಿನಿಂದ ಮೂವತ್ತೆರಡರ ಎರಡು ಪಟ್ಟಿ ಕಿತ್ತು ತಂದು ಹಾಕಿದೆ. ಮಷೀನು ಎದ್ದಿತು. ಪರದೆ ಬೆಳಗಿದಾಗ ಸ್ಟುಡಿಯೋ ಅಣ್ಣ ಇನ್ನೊಂದು ಕಾಯಿ ತರಿಸಲು ಹೊರಟಿದ್ದರು, ನಾನೇ ತಡೆದೆ. ಮಿಕ್ಸಿಂಗ್ ಅಕ್ಕ ನೀಲಗುಂದದ ಮದುವೆಯ ಕ್ಯಾಸೆಟ್ ಹಾಕಿ ಹತ್ತು ನಿಮಿಷ ಒಳಗೆ ಎಳೆದುಕೊಂಡು, ಆಮೇಲೆ ಓಡಿಸಿ ನೋಡಿದಳು. ಮದುಮಗ ತಾಳಿ ಹಿಡಿದು ಕೈ ಎತ್ತಿದ. ಮರುಗಳಿಗೆಗೆ ಅವನು ಕೂತು ಅಕ್ಷತೆ ಕೊಡವಿಕೊಳ್ಳುತ್ತಿದ್ದ. ನಡುವಿನದು ಇಲ್ಲವೇ ಇಲ್ಲ. ಅಷ್ಟು ಚಿತ್ರ ಒಟ್ಟಿಗೆ ಹಿಡಿದುಕೊಳ್ಳಲು ಜಾಗ ಸಾಲದೆ ಮಷೀನು ನಡುನಡುವೆ ಬಿಟ್ಟುಕೊಂಡು ಹೋಗಿತ್ತು.

"ತಾಳಿನ ಕಟ್ಟಿಲ್ಲಲ್ರಿ," ಅಂದಳು ಅವಳು, ನಗಲಿಲ್ಲ. ಪಟ್ಟಿಗಳನ್ನು ಕಿತ್ತು ಮತ್ತೆ ಕವರಿಗೆ ಹಾಕಿಕೊಂಡೆ.

ಆಮೇಲೆ ನಾನೇ ಬೆಂಗಳೂರಿಗೆ ಹೋದೆ. ಇಡೀ ದಿನ ಬೀದಿ ಬೀದಿ ತಿರುಗಿ, ಒಂದು ಮಹಡಿಯ ಮೇಲಿನ ಸಣ್ಣ ಅಂಗಡಿಯಲ್ಲಿ ನೂರಾ ಇಪ್ಪತ್ತೆಂಟರ ಎರಡು ಪಟ್ಟಿ ಸಿಕ್ಕವು. ಅಂಗಡಿಯವನು ಅಲ್ಲೇ ಒಂದು ಮಷೀನಿಗೆ ಹಾಕಿ ತೋರಿಸಿದ, ಲೆಕ್ಕ ಸರಿಯಾಗಿ ಬಂತು. ಎದೆಗೆ ಅವುಚಿಕೊಂಡು ತಂದೆ. ಕೊಟ್ಟೂರಿನಲ್ಲಿ ಹಾಕಿದಾಗ ಮೊದಲ ಒಂದು ತಾಸು ಎಲ್ಲ ಸರಿ ಇತ್ತು. ಜೋಡಿಸಿದ ತುಂಡುಗಳನ್ನು ಒಂದೇ ಚಿತ್ರವಾಗಿ ಬೆಸೆಯುವ ಕೆಲಸಕ್ಕೆ ಹಚ್ಚಿದೆವು ನೋಡಿ, ಅರ್ಧಕ್ಕೆ ಮಷೀನು ಕೈಚೆಲ್ಲಿದಾಗ ಬರುವ ನೀಲಿ ಪರದೆ ಬಂದು ನಿಂತಿತು. ಮತ್ತೆ ಹಚ್ಚಿದೆ, ಮತ್ತೆ ನಿಂತಿತು. ಪಟ್ಟಿಯ ಜಾಗ ಅದಲು ಬದಲು ಮಾಡಿದೆ, ರಬ್ಬರಿನಿಂದ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ತಿಕ್ಕಿದೆ, ವೇಗ ಕಡಿಮೆ ಮಾಡಿದೆ. ಎರಡು ದಿನ ಇದೇ ಆಯಿತು.

ಎರಡನೇ ದಿನ ಮಿಕ್ಸಿಂಗ್ ಅಕ್ಕ ವಿಡಿಯೋ ಹೆಡ್ ಒರೆಸುವ ಸ್ಪಿರಿಟ್ಟನ್ನು ಹತ್ತಿಗೆ ಅದ್ದಿ, "ಇದರಿಂದ ಒರೆಸಿ ನೋಡ್ಲೇನ್ರಿ?" ಎಂದು ಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ಸ್ವಲ್ಪ ಹೊತ್ತಿಗೆ ಹತ್ತಿಯನ್ನು ನನ್ನ ಮುಂದೆ ಹಿಡಿದಳು. "ಸರ, ಬಣ್ಣ ಬಿಡಾಕತ್ತೈತಿ."

ಚಿಪ್ಪಿನ ಮೇಲೆ ಅಚ್ಚಾಗಿದ್ದ ಬಿಳಿ ಅಕ್ಷರ ಹತ್ತಿಗೆ ಬಂದಿತ್ತು. ಅಡಿಯಲ್ಲಿ ಉಜ್ಜಿ ಅಳಿಸಿದ್ದ ಬೇರೆ ಅಂಕಿ. ಯಾವುದೋ ನಿಧಾನದ ಚಿಪ್ಪುಗಳಿಗೆ ಹೊಸ ಹೆಸರು ಬರೆದು ಮಾರಿದ್ದರು. ಮಾಲು ಸಿಗದ ಕಾಲದಲ್ಲಿ ಇಂಥದ್ದು ನಡೆಯುತ್ತದೆಂದು ಕೇಳಿದ್ದೆ, ನನ್ನ ಕೈಗೇ ಬರುತ್ತದೆಂದು ಎಣಿಸಿರಲಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದವನಿಗೆ ಕಾಣದ್ದು ಅವಳ ಹತ್ತಿಗೆ ಕಂಡಿತಲ್ಲ ಎಂದು ಕಿವಿ ಬಿಸಿಯಾಯಿತು. ಪಟ್ಟಿಗಳನ್ನು ವಾಪಸು ಕಳಿಸಿದೆವು, ಮಾರಿದವನು ನನ್ನ ಮಾಲೇ ಅಲ್ಲ ಎಂದ.

ಆ ವಾರಗಳಲ್ಲಿ ಮಿಕ್ಸಿಂಗ್ ಅಕ್ಕ ಸುಮ್ಮನೆ ಕೂರಲಿಲ್ಲ. ಸ್ಟುಡಿಯೋದ ಟಿವಿಗೆ ಕ್ಯಾಮೆರಾ ಸಿಗಿಸಿ, ಬಂದ ಕ್ಯಾಸೆಟ್ಟುಗಳನ್ನೆಲ್ಲ ನೋಡಿ, ಯಾವ ದೃಶ್ಯ ಎಷ್ಟನೇ ನಿಮಿಷಕ್ಕೆ, ಯಾವುದು ಇರಬೇಕು, ಯಾವುದು ಬೇಡ ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಮಷೀನು ಬಂದ ದಿನವೇ ಕತ್ತರಿಸಲು ಹಿಡಿಯಬಹುದೆಂದು. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಮಗಳು ಪಾಟಿಚೀಲದ ಸಮೇತ ನೇರ ಅಲ್ಲಿಗೇ ಬರುತ್ತಿದ್ದಳು. ತಾಯಿಯ ಕಾಲಿಗೆ ಬೆನ್ನು ಕೊಟ್ಟು ಕೂತು ಮಗ್ಗಿ ಬರೆಯುವಳು, ಹಸಿವಾದರೆ ಮಂಡಕ್ಕಿ ತಿನ್ನುವಳು. ಹೋಗುವಾಗ ಇಬ್ಬರೂ ಕೈ ಕೈ ಹಿಡಿದು ಹೋಗುವುದನ್ನು ನಾನು ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ಕಂಡೆ. ನನ್ನ ಸುಳ್ಳಿನ ಮೇಲೆ ನಿಂತ ಸಂಸಾರ ಅದು, ನೋಡಲು ಮಾತ್ರ ಚೆಂದ ಇತ್ತು. ಸ್ಟುಡಿಯೋ ಅಣ್ಣ ಕೊಡಲು ಬಂದ ಸಂಬಳವನ್ನು ಅವಳು ಮುಟ್ಟಲಿಲ್ಲ, ಕೆಲಸ ಶುರುವಾಗಲಿ ಅಂದಳಂತೆ.

ತುಳಸಿ ಮದುವೆ ಕಳೆದು ಲಗ್ನಗಳು ಶುರುವಾದವು. ಕ್ಯಾಸೆಟ್ಟುಗಳ ಸಾಲು ಮೇಜಿನಿಂದ ಕಪಾಟಿಗೆ, ಕಪಾಟಿನಿಂದ ನೆಲಕ್ಕೆ ಇಳಿಯಿತು. ಒಂದು ಶನಿವಾರ ನಾನು ಹೋದಾಗ ಮಿಕ್ಸಿಂಗ್ ಅಕ್ಕ ನನ್ನ ಎದುರಿಗೇ ಬಂದು ನಿಂತಳು.

"ಸರ, ಲ್ಯಾಬಿನವ್ರು ಹೇಳಿ ಕಳಿಸ್ಯಾರ. ಸೋಮವಾರದ ತನಕ ನನ್ನ ಜಾಗ ಇಟ್ಟಿರ್ತಾರಂತ. ಆಮ್ಯಾಲೆ ಬ್ಯಾರೆಯವ್ರನ್ನ ತಗೊಂತಾರಂತ." ಕ್ಯಾಸೆಟ್ಟುಗಳ ಸಾಲಿನ ಕಡೆ ಕೈ ಮಾಡಿ ಅಂದಳು, "ನೀವು ಹೆಂಗ ಹೇಳಿದ್ರ ಹಂಗ ಮಾಡ್ತೀನಿ."

ಒಂದು ಫೋನು ಮಾಡಿ ಬರ್ತೀನಿ ಎಂದು ಬೂತಿಗೆ ಹೋದೆ. ಯಜಮಾನರು ಎಂದಿನಂತೆ, "ಬರೋ ವಾರ ಅನ್ನಪ್ಪ," ಅಂದರು. "ಆರ್ಡರ್ ಕೈ ತಪ್ಪಿದ್ರೆ ಆ ಮಷೀನು ಯಾರ ತಲೆಗೆ ಕಟ್ಟಾದು?"

ಫೋನಿಟ್ಟೆ. ಹೊರಗೆ ಬರಲು ಬಾಗಿಲು ತೆರೆದವನು ಮತ್ತೆ ಮುಚ್ಚಿದೆ. ಬೆಂಗಳೂರಿನ ಸಗಟು ವ್ಯಾಪಾರಿಯ ನಂಬರು ನನ್ನ ಡೈರಿಯಲ್ಲಿತ್ತು, ಆದರೆ ಯಜಮಾನರನ್ನು ದಾಟಿ ಅಲ್ಲಿಗೆ ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಅವತ್ತು ಮಾತಾಡಿದೆ. ಅಲ್ಲಿನ ಗುಮಾಸ್ತ ಸಮಾಧಾನದ ಮನುಷ್ಯ, ಪುಸ್ತಕ ತಿರುವಿ ನೋಡಿದ.

"ಹೊಸ ವರ್ಷ ಕಳೆಯೋವರೆಗೂ ಆ ಮಾತೇ ಇಲ್ಲ ಸಾರ್. ನಿಮ್ಮ ಹೆಸರು ಪಟ್ಟಿಯಲ್ಲಿ ತುಂಬಾ ಕೆಳಗಿದೆ. ನಿಮ್ಮ ಯಜಮಾನರಿಗೆ ಹದಿನೈದು ದಿನದ ಹಿಂದೆಯೇ ಹೇಳಿದ್ದೀನಲ್ಲ."

ಬೂತಿನೊಳಗೆ ಸೆಕೆಯಾಗುತ್ತಿತ್ತು. ಯಜಮಾನರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ಬಂತು. ಇಷ್ಟು ದಿನ ನಾನು ಈ ಒಂದು ಫೋನು ಮಾಡದೆ ಇದ್ದದ್ದು ನಿಜ ಗೊತ್ತಾಗಿಬಿಟ್ಟೀತು ಎಂಬ ಹೆದರಿಕೆಗೇ ಹೊರತು ಬೇರೆ ಯಾವ ಕಾರಣಕ್ಕೂ ಅಲ್ಲ. ಆ ಸುಳ್ಳನ್ನು ಇನ್ನೊಂದು ವಾರ ಎಳೆಯುವ ಶಕ್ತಿ ನನಗೆ ಉಳಿದಿರಲಿಲ್ಲ. ಕೆಲಸ ಹೋದರೆ ಹೋಗಲಿ, ಇವತ್ತು ಹೇಳಿಬಿಡುವುದು ಎಂದು ನಡೆದೆ.

ಇಬ್ಬರನ್ನೂ ಕೂಡಿಸಿ ಹೇಳಿದೆ. ಹೊಸ ವರ್ಷ ಆಗುವ ತನಕ ಬರುವುದಿಲ್ಲ, ಆಮೇಲೆ ಯಾವಾಗ ಎಂಬುದೂ ಗೊತ್ತಿಲ್ಲ. ನನ್ನನ್ನು ನಂಬಿ ಇನ್ನು ಕಾಯಬೇಡಿ.

ಸ್ಟುಡಿಯೋ ಅಣ್ಣ ಮೇಜಿನ ಕಡೆ ತಿರುಗಿದರು. ಮಾನಿಟರಿನ ಮೇಲಿನ ವಿಭೂತಿಯನ್ನು ಅವರ ಮನೆಯವರು ದಿನಾ ಹೊಸದಾಗಿ ಹಚ್ಚುತ್ತಿದ್ದರು. "ಖಾಲಿ ಡಬ್ಬಿ ತಂದಿಟ್ಟು ನನ್ನ ಕೈಲೆ ಕಾಯಿ ಒಡಸಿದ್ರಿ," ಅಂದರು. ದನಿ ಏರಿಸಲಿಲ್ಲ. "ಅವತ್ತ ಹೇಳಿದ್ರ ನಾ ಏನ್ ನಿಮ್ಮನ್ನ ಹೊಡೀತಿದ್ನೇನ್ರಿ? ಹಳೇ ಮಿಕ್ಸರ್ ಇರ್ತಿತ್ತು, ಕೆಲಸ ನಡೀತಿತ್ತು."

ಮರುದಿನ ಅವರ ಜೊತೆ ಹಗರಿಬೊಮ್ಮನಹಳ್ಳಿಗೆ ಹೋಗಿ, ಮಿಕ್ಸರು ಕೊಂಡವರ ಮುಂದೆ ನಾನೇ ತಪ್ಪೊಪ್ಪಿಕೊಂಡು, ವಾರಕ್ಕೆ ಮೂರು ದಿನ ಅದನ್ನೂ ವಿಸಿಆರುಗಳನ್ನೂ ವಾಪಸು ಕೊಡುವಂತೆ ಒಪ್ಪಿಸಿ ಬಂದೆ. ಸ್ಟುಡಿಯೋ ಅಣ್ಣ ತಾವೇ ಕೂತು ಹಳೇ ರೀತಿಯಲ್ಲಿ ಕೆಲಸ ಸಾಗಿಸುವುದೆಂದಾಯಿತು. ಹೋಗಿ ಬರುವಾಗ ಅವರು ನನ್ನೊಂದಿಗೆ ಮಾತಾಡಲಿಲ್ಲ, ನನ್ನ ಟಿಕೆಟ್ಟನ್ನು ಮಾತ್ರ ಅವರೇ ತೆಗೆಸಿದರು.

ಮಿಕ್ಸಿಂಗ್ ಅಕ್ಕ ಶನಿವಾರ ನನ್ನ ಮಾತು ಕೇಳಿ, "ಹೇಳಿದ್ರಲ್ಲ, ಛಲೋ ಆತು ಬಿಡ್ರಿ," ಎಂದು ಎದ್ದು ಕ್ಯಾಸೆಟ್ಟುಗಳನ್ನು ಊರಿನ ಪ್ರಕಾರ ಜೋಡಿಸಿ, ನೋಟುಬುಕ್ಕನ್ನು ಅದರ ಮೇಲಿಟ್ಟು ಮನೆಗೆ ಹೋದಳು. ಸೋಮವಾರ ಮೊದಲ ಬಸ್ಸಿಗೆ ಟ್ರಂಕಿನ ಸಮೇತ ದಾವಣಗೆರೆಗೆ ಹೋದಳು. ಮಗಳು ಇನ್ನೂ ಎದ್ದಿರಲಿಲ್ಲವಂತೆ.

ಅದಾದ ಒಂಬತ್ತನೇ ದಿನ, ಬುಧವಾರ, ರ್ಯಾಮ್ ಬಂತು.

ಬೆಂಗಳೂರಿನಲ್ಲಿ ಯಾರೋ ದೊಡ್ಡ ಗಿರಾಕಿ ಆರ್ಡರ್ ಬಿಟ್ಟುಕೊಟ್ಟು, ಅವರಿಗಾಗಿ ಎತ್ತಿಟ್ಟದ್ದನ್ನು ಸಣ್ಣ ಅಂಗಡಿಗಳಿಗೆ ಹಂಚಿದ್ದರು. ಆ ಗುಮಾಸ್ತನಿಗೂ ಅದು ಮೊದಲೇ ತಿಳಿದಿರಲಿಲ್ಲ. ಯಜಮಾನರು ಪೊಟ್ಟಣವನ್ನು ನನ್ನ ಮುಂದಿಟ್ಟು, "ನೋಡಪ್ಪ, ನಾನು ಬರೋ ವಾರ ಅಂದಿದ್ದೆ," ಅಂದರು. ಅವರ ಮಾತು ಎಂಟು ವಾರದಲ್ಲಿ ಮೊದಲ ಸಲ ಹೆಚ್ಚೂಕಡಿಮೆ ನಿಜವಾಗಿತ್ತು. ನಾನು ಅಲ್ಲೇ ಸ್ಪಿರಿಟ್ ತರಿಸಿ ಚಿಪ್ಪುಗಳನ್ನು ಒರೆಸಿ ನೋಡಿದೆ, ಹತ್ತಿಗೆ ಬಣ್ಣ ಬರಲಿಲ್ಲ.

ಕೊಟ್ಟೂರಿನಲ್ಲಿ ಪಟ್ಟಿಗಳನ್ನು ಒತ್ತಿ ಕೂರಿಸಿದಾಗ ಎರಡೂ ಬದಿಯ ಕೊಂಡಿ ಟಕ್ ಎಂದು ಮುಚ್ಚಿಕೊಂಡವು. ಗುಂಡಿ ಒತ್ತಿದರೆ ಒಂದೇ ಒಂದು ಗಿಡ್ಡ ಕೂಗು. ಪರದೆಯ ಮೇಲೆ ಅಂಕಿ ಏರುತ್ತ ಹೋಗಿ ಎರಡು ಲಕ್ಷ ಅರವತ್ತೆರಡು ಸಾವಿರ ಚಿಲ್ಲರೆಯಲ್ಲಿ ನಿಂತಿತು, ಎರಡೂ ಪಟ್ಟಿಯ ಪೂರಾ ಲೆಕ್ಕ ಅದು. ಅವಳ ನೋಟುಬುಕ್ಕು ಎದುರಿಗಿಟ್ಟುಕೊಂಡು ನೀಲಗುಂದದ ಮದುವೆಯನ್ನು ಪೂರಾ ಒಂದು ತಾಸು ಒಳಗೆ ಎಳೆದೆ. ತಾಳಿ ಕಟ್ಟುವಾಗ ಮದುಮಗನ ಕೈ ನಡುಗಿದ್ದೂ ಕಂಡಿತು. ಒಂದು ಚಿತ್ರವೂ ತಪ್ಪಿರಲಿಲ್ಲ. ಸ್ಟುಡಿಯೋ ಅಣ್ಣ ನನ್ನ ಹಿಂದೆಯೇ ನಿಂತು ನೋಡಿದರು.

"ಮಷೀನು ಬಂತು. ನಡಸೋರು ಯಾರು?" ಅಂದರು. "ನೀವ ಹೋಗಿ ಕರ್ಕೊಂಡು ಬರ್ರಿ."

ಮರುದಿನ ಆ ಲ್ಯಾಬಿಗೆ ಹೋದೆ. ಕಿರಿದಾದ ಮೆಟ್ಟಿಲು, ಮೇಲೆ ಎರಡು ಕೋಣೆ. ಮಿಕ್ಸಿಂಗ್ ಅಕ್ಕ ಹೆಡ್‌ಫೋನ್ ತೆಗೆದು ಹೊರಗೆ ಬಂದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು ಎಂದು ಕಾಣುತ್ತದೆ.

"ಬಂತೇನ್ರಿ?"

"ಬಂತ್ರಿ. ನಿನ್ನಿ."

ಅವಳು ಬೆರಳು ಮಡಚಲಿಲ್ಲ, ಆದರೆ ದಿನ ಎಣಿಸಿದಳೆಂದು ಕಣ್ಣಿನಲ್ಲಿ ತಿಳಿಯಿತು. ನಾನು ಬೇಗ ಬೇಗ ಹೇಳಿದೆ. ಎಲ್ಲ ನೋಡಿಯಾಗಿದೆ, ಒಂದು ಚಿತ್ರವೂ ತಪ್ಪುವುದಿಲ್ಲ, ಅಣ್ಣಾರು ನಾಳೆಯೇ ಬರಲು ಹೇಳಿದ್ದಾರೆ, ಸಂಬಳವೂ ನಾಳೆಯಿಂದಲೇ.

"ಬರಾಕ ಆಗಂಗಿಲ್ರಿ," ಅಂದಳು. "ಬಿಟ್ಟು ಹೋದಾಕಿನ್ನ ಮತ್ತ ತಗೊಬೇಕಂದ್ರ ಒಂದ್ ವರ್ಷ ಎಲ್ಲೂ ಹೋಗಬಾರ್ದು ಅಂದ್ರು. ಹೋಗಂಗಿಲ್ಲ ಅಂತ ಹೇಳೀನಿ."

"ಬರೆದು ಕೊಟ್ಟೀರೇನು?"

"ಬರದಿಲ್ರಿ. ಬಾಯಿಲೆ ಹೇಳೀನಿ."

"ಬರೇ ಬಾಯಿ ಮಾತಲ್ಲೇನ್ರಿ ಅಕ್ಕಾರೇ. ಬೇಕಾದ್ರ ನಾನು ಮಾತಾಡ್ತೀನಿ ಅವರ ಜೋಡಿ."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಬಾಯಿ ಮಾತಾದ್ರೂ ಮಾತ ಅಲ್ಲೇನ್ರಿ?" ಅಂದಳು. ಅಷ್ಟೇ.

ಒಳಗಿಂದ ಯಾರೋ ಕರೆದರು. ಹೋಗುವ ಮೊದಲು ಸೆರಗಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ಕೊಟ್ಟಳು. ತಲೆಗೆ ಹಾಕುವ ಕೆಂಪು ರಿಬ್ಬನ್. "ನೀವು ಕೊಟ್ಟೂರಿಗೆ ಹೋಗ್ತೀರಲ್ರಿ, ನನ್ ಮಗಳಿಗೆ ಕೊಡ್ರಿ. ನಿಮ್ಮವ್ವ ಬರೋ ಭಾನುವಾರ ಬರ್ತಾಳ ಅಂತ ಹೇಳ್ರಿ." ಎರಡು ಹೆಜ್ಜೆ ಹೋದವಳು ತಿರುಗಿದಳು. "ಬ್ಯಾಡ, ಹಂಗ ಹೇಳಬ್ಯಾಡ್ರಿ. ಲಗ್ನದ ಕೆಲಸ ಬಾಳ ಐತಿ. ರಜಾ ಸಿಕ್ಕಾಗ ಬರ್ತಾಳ ಅನ್ರಿ."

ಕೊಟ್ಟೂರಿಗೆ ಬಂದು ಇಳಿದಾಗ ಶಾಲೆ ಬಿಟ್ಟಿತ್ತು. ಮಗು ದೊಡ್ಡಮ್ಮನ ಮನೆಯ ಕಟ್ಟೆಯ ಮೇಲೆ ಪಾಟಿ ಹಿಡಿದು ಒಬ್ಬಳೇ ಕೂತಿದ್ದಳು, ದೊಡ್ಡಮ್ಮ ಮಿಲ್ಲಿನಿಂದ ಬಂದಿರಲಿಲ್ಲ. ರಿಬ್ಬನ್ ಕೊಟ್ಟೆ. ಬಿಚ್ಚಿ ನೋಡಿ, ಮತ್ತೆ ಮೊದಲಿನಂತೆಯೇ ಸುತ್ತಿ ಇಟ್ಟುಕೊಂಡಳು.

"ನಮ್ಮವ್ವ ಯಾವತ್ತು ಬರ್ತಾಳ್ರಿ?"

"ರಜಾ ಸಿಕ್ಕಾಗ ಬರ್ತಾಳವ್ವ."

"ರಜಾ ಯಾವತ್ತು ಸಿಗತೈತಿ?"

"ಗೊತ್ತಿಲ್ಲವ್ವ."

ಹುಡುಗಿ ಬಳಪ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ಯಾವುದರ ಒಂದ್ ವಾರದ ಹೆಸರು ಹೇಳ್ರಿ," ಅಂದಳು.

ಸೋಮವಾರ ಎಂಬ ಮಾತು ತಾನಾಗಿಯೇ ನಾಲಿಗೆಯ ತುದಿಗೆ ಬಂದು ನಿಂತಿತು, ಅಷ್ಟು ರೂಢಿಯಾಗಿತ್ತು. ಅದನ್ನು ನುಂಗಿಕೊಂಡು, ಅವಳ ದೊಡ್ಡಮ್ಮ ಬರುವ ತನಕ ಆ ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ.